ಬಿಟ್ಟುಕೊಟ್ಟ ಪಟ್

ಗಾಲ್ಫ್ ಅಂದ ಕೂಡಲೇ ಶ್ರೀಮಂತರ ಆಟವೆಂದು ಮೂಗು ಮುರಿಯುವವರು ಒಮ್ಮೆ ಈ ಮೈದಾನಕ್ಕೆ ಬಂದು ನೋಡಬೇಕು. ಒಂದು ಕಡೆ ರೈಲು ಹಳಿ, ಇನ್ನೊಂದು ಕಡೆ ನೀರಿನ ಟ್ಯಾಂಕು, ನಡುವೆ ಅಲ್ಲಲ್ಲಿ ಬೋಳು ಬಿದ್ದ ಹುಲ್ಲು. ಕ್ಲಬ್‌ಹೌಸ್ ಎಂದು ಕರೆಸಿಕೊಳ್ಳುವ ತಗಡಿನ ಶೆಡ್ಡಿನಲ್ಲಿ ಎರಡು ಬೆಂಚು, ಒಂದು ಟೀ ಯಂತ್ರ. ಆ ಯಂತ್ರವೂ ಮನಸ್ಸು ಬಂದರೆ ಬಿಸಿಯಾಗುತ್ತದೆ, ಇಲ್ಲದಿದ್ದರೆ ಇಲ್ಲ. ಆಡಲು ಬರುವವರು ಬಸ್ ಡ್ರೈವರು, ಔಷಧಿ ಅಂಗಡಿಯವನು, ಶಾಲೆಯ ಮೇಷ್ಟ್ರು, ಇಂಥವರೇ. ಯಾರ್‍ಯಾರದೋ ಕೈ ದಾಟಿ ಬಂದ ಹಳೆಯ ಕೋಲುಗಳನ್ನು ಹಿಡಿದು, ಚೆಂಡು ಕಳೆದುಹೋದರೆ ಹೊಟ್ಟೆ ಉರಿದುಕೊಂಡು ಪೊದೆಯೆಲ್ಲ ಜಾಲಾಡಿ, ಮನೆಗೆ ಹೋಗುತ್ತಾರೆ.

ಅಲ್ಲಿ ಶನಿವಾರ ಬೆಳಿಗ್ಗೆ ತಪ್ಪದೆ ಆಡುವವರಲ್ಲಿ ಹಲ್ಲಿನ ಸೆಟ್ ಮಾಡುವ ಅಣ್ಣ ತಮ್ಮಂದಿರೂ ಇದ್ದರು. ತಮ್ಮ ಮಾತುಗಾರ. ಚೆಂಡು ಚರಂಡಿಗೆ ಬಿದ್ದರೂ ಅದಕ್ಕೊಂದು ಕಥೆ ಕಟ್ಟಿ ನಗಿಸುವವನು. ಅಣ್ಣನಿಗೆ ಕ್ಲಬ್ಬಿನವರು ಇಟ್ಟ ಹೆಸರು ರೂಲ್‌ಬುಕ್. ಹುಲ್ಲಿನ ಮರೆಯಲ್ಲಿ ಕೋಲು ತಾಗಿ ಚೆಂಡು ಎಳ್ಳಿನಷ್ಟು ಅಲುಗಿದರೂ ಸಾಕು, ಅಣ್ಣ ಕೈ ಎತ್ತಿ, "ಅಲುಗಿತು, ನನಗೊಂದು ದಂಡ" ಎನ್ನುತ್ತಿದ್ದ. ಯಾರೂ ನೋಡಿರುತ್ತಿರಲಿಲ್ಲ, ಯಾರೂ ಕೇಳಿರುತ್ತಿರಲಿಲ್ಲ. ದೇವರು ನೋಡಿರುತ್ತಾನಲ್ಲ ಎಂಬುದು ಅವನ ಲೆಕ್ಕ. ಅವನು ಸಭೆಯ ಹಿರಿಯರಲ್ಲೊಬ್ಬ, ಭಾನುವಾರ ಬೆಳಿಗ್ಗೆ ಇಗರ್ಜಿಯಲ್ಲಿ ನಿಂತು ವೇದಪಾಠ ಓದುವವನು. ಶನಿವಾರ ಸುಳ್ಳು ಲೆಕ್ಕ ಬರೆದು ಭಾನುವಾರ ಬೈಬಲ್ ಹಿಡಿಯುವುದು ಅವನ ಕೈಲಾಗದ ಕೆಲಸ. ಒಳ್ಳೆಯ ಗುಣವೇ. ಆದರೆ ಇಂಥವರ ಜತೆ ಸಂಸಾರ ಮಾಡಿದವರಿಗೇ ಗೊತ್ತು ಅದರ ಕಷ್ಟ.

ಇಬ್ಬರೇ ಎದುರುಬದುರಾಗಿ ಆಡುವಾಗ ಗಾಲ್ಫಿನಲ್ಲೊಂದು ಪದ್ಧತಿಯಿದೆ. ಒಬ್ಬನ ಚೆಂಡು ಗುಳಿಯ ಬಾಯಿಯ ಹತ್ತಿರವೇ ನಿಂತಿದ್ದರೆ, ಅದನ್ನು ಮೆಲ್ಲಗೆ ತಳ್ಳಿ ಬೀಳಿಸುವ ಆ ಕೊನೆಯ ಹೊಡೆತವನ್ನು, ಅಂದರೆ ಪಟ್ಟನ್ನು, ಎದುರಾಳಿ ಬಿಟ್ಟುಕೊಡಬಹುದು. "ಎತ್ಕೋ" ಅಂದರೆ ಮುಗಿಯಿತು, ಹೊಡೆಯದೆಯೇ ಬಿದ್ದ ಲೆಕ್ಕ. ಅವರ ಜತೆ ಆಡುತ್ತಿದ್ದ ಪಾದ್ರಿಯಂತೂ ಇದರಲ್ಲಿ ಧಾರಾಳಿ. ಒಂದು ಮಂಚದುದ್ದ ದೂರವಿದ್ದರೂ "ಬಂತು, ಬಂತು, ಎತ್ಕೊಳ್ರೀ" ಎಂದು ಎಲ್ಲರಿಗೂ ಕೊಡುತ್ತಿದ್ದ. ಆಮೇಲೆ ಯಾರನ್ನೂ ಕೇಳದೆ ತನಗೆ ತಾನೇ ಕೊಟ್ಟುಕೊಳ್ಳುತ್ತಿದ್ದ. ಅಣ್ಣ ಹುಬ್ಬು ಗಂಟಿಕ್ಕಿದರೆ, "ನನ್ನ ಕೆಲಸವೇ ಅದಲ್ವೇನಯ್ಯಾ" ಎಂದು ನಗುತ್ತಿದ್ದ.

ಆ "ಎತ್ಕೋ" ಎನ್ನುವ ಮಾತು ಅಣ್ಣನ ಬಾಯಿಂದ ತಮ್ಮನಿಗೆ ಬಂದು ವರ್ಷದ ಮೇಲಾಗಿತ್ತು. ಚೆಂಡು ಗುಳಿಯಿಂದ ನಾಲ್ಕು ಬೆರಳು ಆಚೆಗಿದ್ದರೂ ಅಣ್ಣ ಕೋಲೂರಿಕೊಂಡು ಬೇರೆ ಕಡೆ ನೋಡುತ್ತ ನಿಲ್ಲುತ್ತಿದ್ದ. ತಮ್ಮ ಬಗ್ಗಿ ಅದನ್ನು ತಳ್ಳಿ ಬೀಳಿಸಿ, ಕೈಹಾಕಿ ಎತ್ತಿಕೊಳ್ಳುತ್ತಿದ್ದ. ಆಗ ಪಾದ್ರಿಗೆ ಇದ್ದಕ್ಕಿದ್ದಂತೆ ಬೂಟಿನ ಲೇಸು ಬಿಚ್ಚಿಹೋಗುತ್ತಿತ್ತು. ಅದನ್ನು ಕಟ್ಟಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದ.

ಇದಕ್ಕೆಲ್ಲ ಕಾರಣ ಎಲ್ಲರಿಗೂ ಅರ್ಧಂಬರ್ಧ ಗೊತ್ತಿತ್ತು. ಅಣ್ಣನ ಹೆಂಡತಿಗೆ ಮೈದುನನೆಂದರೆ ಒಡಹುಟ್ಟಿದ ತಮ್ಮನಿಗಿಂತ ಹೆಚ್ಚು. ಬಲ್ಬು ಹೋದರೆ ಮೈದುನ, ನಲ್ಲಿ ಸೋರಿದರೆ ಮೈದುನ, ಹಾಲು ಖಾಲಿಯಾದರೆ ಮೈದುನ. ಗಂಡನಿಗೆ ಫೋನ್ ಮಾಡಿ ಪ್ರಯೋಜನವಿಲ್ಲವೆಂದು ಮದುವೆಯಾದ ಹೊಸದರಲ್ಲೇ ಅವಳು ಕಂಡುಕೊಂಡಿದ್ದಳು. ಅವನ ಕೈ ಸದಾ ಹಲ್ಲಿನ ಅಚ್ಚಿನ ಪ್ಲಾಸ್ಟರಿನಲ್ಲಿ ಮುಳುಗಿರುತ್ತಿತ್ತು. ಅವತ್ತು ಅಣ್ಣ ಬೇರೆ ಊರಿನ ವೃದ್ಧಾಶ್ರಮಕ್ಕೆ ಹಲ್ಲಿನ ಸೆಟ್ ಕೂರಿಸಲು ಹೋಗಿದ್ದ. ಮೈದಾನದಲ್ಲಿ ವರ್ಷದ ಕಪ್ಪಿನ ಆಟ. ಜನ್ಮದಲ್ಲಿ ಒಂದು ಚಮಚವನ್ನೂ ಗೆಲ್ಲದ ತಮ್ಮ ಅವತ್ತು ಎಲ್ಲರಿಗಿಂತ ಮುಂದಿದ್ದ. ಕೊನೆಯ ಗ್ರೀನಿನಲ್ಲಿ, ಅಂದರೆ ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಕೊನೆಯ ಪಟ್ಟಿಗೆ ಅವನು ನಿಂತಾಗ ಬ್ಯಾಗಿನಲ್ಲಿದ್ದ ಫೋನು ಹೊಡೆದುಕೊಂಡಿತು. ಸುತ್ತ ನಿಂತವರು ಮುಖ ಸಿಂಡರಿಸಿದರು. ತಮ್ಮ ಓಡಿಹೋಗಿ ಫೋನ್ ತೆಗೆದು, ಅತ್ತಿಗೆಯ ಹೆಸರು ನೋಡಿ, ಹಾಲಿಗಿರಬೇಕು ಅಂದುಕೊಂಡು ಅದರ ಬಾಯಿ ಮುಚ್ಚಿಸಿದ. ಬಂದು ಪಟ್ ಹೊಡೆದ. ಚೆಂಡು ಬಿತ್ತು. ಬೆನ್ನು ತಟ್ಟುವವರೆಲ್ಲ ತಟ್ಟಿ, ಟೀ ಆಗಿ, ಆಮೇಲೆ ಅವನು ತಿರುಗಿ ಫೋನ್ ಮಾಡಿದಾಗ ಅತ್ತಿಗೆ ಅಡುಗೆಮನೆಯಲ್ಲಿ ಒಲೆಯ ಪಕ್ಕ ನೆಲದ ಮೇಲಿದ್ದಳು. ಬೇಗ ಕರೆತಂದಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ ಹೇಳಲಾಗದು ಎಂದರು ಡಾಕ್ಟರು. ಹೀಗೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡುವ ಬದಲು ಅವರು ಸುಮ್ಮನಿದ್ದಿದ್ದರೂ ಆಗುತ್ತಿತ್ತು.

ಯಾರ ಫೋನೆಂದು ನೋಡದೆ ಬಾಯಿ ಮುಚ್ಚಿಸಿದೆ ಎಂದು ತಮ್ಮ ಎಲ್ಲರಿಗೂ ಹೇಳಿದ್ದ. ಎಲ್ಲರೂ ನಂಬಿದ್ದರು. ಅಲ್ಲಿ ಹೆಸರು ಓದಿದವನು ಅವನೊಬ್ಬನೇ. ಆದರೆ ಮಣ್ಣು ಮಾಡಿ ಬಂದ ದಿನ ಸಂಜೆ, ನೆಂಟರೆಲ್ಲ ಹೊರಟು ಹೋದ ಮೇಲೆ ಇಬ್ಬರೂ ಟೀ ಕಪ್ಪುಗಳನ್ನು ತೊಳೆದಿಡುತ್ತಿದ್ದಾಗ, ಅವನ ಬಾಯಿಂದ ಮಾತು ಹೊರಬಿತ್ತು.

"ಅಣ್ಣಾ, ಹೆಸರು ನೋಡ್ಲಿಲ್ಲ ಅಂದಿದ್ದು ಸುಳ್ಳು. ನೋಡ್ದೆ. ಅತ್ತಿಗೆ ಹೆಸರು ಬಂದಿತ್ತು. ಪಟ್ ಮುಗಿಸಿ ಮಾತಾಡೋಣ ಅಂದ್ಕೊಂಡೆ."

ಅಣ್ಣ ಕೈಯಲ್ಲಿದ್ದ ಕಪ್ಪನ್ನು ಒರೆಸುತ್ತಲೇ ಇದ್ದ. ಒಣಗಿದ ಮೇಲೂ ಒರೆಸಿದ. ಆಮೇಲೆ ಕೇಳಿದ.

"ಪಟ್ ಬಿತ್ತಾ?"

"ಬಿತ್ತು ಅಣ್ಣ."

ಅಂಥ ಪ್ರಶ್ನೆ ತನ್ನ ಬಾಯಿಂದ ಹೇಗೆ ಬಂತೆಂದು ಅಣ್ಣನಿಗೆ ಇವತ್ತಿಗೂ ಗೊತ್ತಿಲ್ಲ. ಬೈದಿದ್ದರೆ, ಕಪಾಳಕ್ಕೆ ಬಾರಿಸಿದ್ದರೆ, ಇಬ್ಬರೂ ಕೂತು ಅತ್ತಾದರೂ ಅತ್ತಿರುತ್ತಿದ್ದರು. ಆ ಎರಡು ಮಾತಿನ ಮೇಲೆ ಮೂರನೆಯ ಮಾತು ಇಬ್ಬರಿಗೂ ಸಿಗಲಿಲ್ಲ.

ಮಾತು ಬಿಟ್ಟರೆಂದು ಬೇರೆಯಾಗುವುದಕ್ಕೂ ಆಗಲಿಲ್ಲ. ಹೊಟ್ಟೆಪಾಡು ಒಂದೇ ಕೋಣೆಯಲ್ಲಿತ್ತು. ಕಿಟಕಿಯ ಪಕ್ಕ ಅಣ್ಣನ ಮೇಜು. ಅಲ್ಲಿ ಅವನು ಮೇಣ ಕಾಯಿಸಿ, ಒಸಡಿನ ಆಕಾರ ತಿದ್ದಿ, ಒಂದೊಂದೇ ಹಲ್ಲು ಕೂರಿಸುತ್ತಿದ್ದ. ಗೋಡೆಯ ಪಕ್ಕ ತಮ್ಮನ ಮೇಜು. ಅವನು ಬೆಂದು ಗಟ್ಟಿಯಾದ ಸೆಟ್ಟನ್ನು ಉಜ್ಜಿ, ಚಕ್ರಕ್ಕೆ ಹಿಡಿದು ಹೊಳಪು ಬರಿಸುತ್ತಿದ್ದ. ನಡುವಿನ ಕಪಾಟಿನಲ್ಲಿ ಊರಿನ ಅರ್ಧ ಜನರ ದವಡೆಗಳು ಪ್ಲಾಸ್ಟರಿನಲ್ಲಿ ಬಾಯಿ ತೆರೆದು ಕೂತಿದ್ದವು. ಮೊದಲು ಆ ಕೋಣೆಯಲ್ಲಿ ತಮ್ಮನ ಬಾಯಿಗೆ ಬಿಡುವಿರುತ್ತಿರಲಿಲ್ಲ. ಮೇಷ್ಟರ ದವಡೆಯನ್ನು ಕೈಯಲ್ಲಿ ಹಿಡಿದು ಮೇಷ್ಟರ ದನಿಯಲ್ಲೇ ಪಾಠ ಮಾಡಿಸುತ್ತಿದ್ದ. ಈಗ "ಮೇಲಿನದು", "ಆಯ್ತು", "ಕೆಳಗಿನದು ಸಂಜೆಗೆ ಬೇಕು", "ಹೂಂ" ಇಷ್ಟೇ. ಮಾತಿಲ್ಲದ್ದು ಕೇಳಿಸದಿರಲೆಂದು ತಮ್ಮ ಕೆಲಸವಿಲ್ಲದಾಗಲೂ ಚಕ್ರ ತಿರುಗಿಸುತ್ತಿದ್ದ.

ಶನಿವಾರದ ಆಟವೂ ನಿಲ್ಲಲಿಲ್ಲ. ನಿಲ್ಲಿಸಬೇಕಾದರೆ ಯಾಕೆಂದು ಒಬ್ಬರಿಗೊಬ್ಬರು ಹೇಳಬೇಕಿತ್ತಲ್ಲ.

ಅಣ್ಣನಿಗೆ ಒಬ್ಬಳೇ ಮಗಳು, ಕಣ್ಣಾಸ್ಪತ್ರೆಯಲ್ಲಿ ನರ್ಸು. ತಾಯಿಯನ್ನು ಕಳೆದುಕೊಂಡವಳು ಅವಳೂ ಹೌದು. ಆದರೆ ಅವಳು ಒಂದು ದಿನ ಚಿಕ್ಕಪ್ಪನನ್ನು ಹಿಡಿದುಕೊಂಡು ಅತ್ತು, ಬೈದು, ಮುಗಿಸಿದ್ದಳು. ಅಪ್ಪ ಮುಖ ಊದಿಸಿಕೊಂಡು ಓಡಾಡುವುದು ಅವಳಿಗೆ ಸಾಕಾಗಿಹೋಗಿತ್ತು.

"ಅಪ್ಪಾ, ಅಮ್ಮ ನಿಮಗೇ ಫೋನ್ ಮಾಡಿದ್ರೆ ನೀವು ಎತ್ತಿರ್ತಿದ್ರಾ? ಪ್ಲಾಸ್ಟರ್ ಕೈಲಿ ಯಾವತ್ತು ಎತ್ತಿದ್ರಿ ಹೇಳಿ."

"ಇಲ್ಲ," ಎಂದ ಅಣ್ಣ. ಅವನು ಸುಳ್ಳು ಹೇಳುವವನಲ್ಲ.

"ಮತ್ತೆ?"

"ಮತ್ತೇನಿಲ್ಲ. ನೀನು ಹೇಳ್ತಿರೋದು ಸರಿ. ಸರಿ ಅಂತ ಗೊತ್ತಾದ್ರೂ ಸಿಟ್ಟು ಹೋಗ್ತಿಲ್ಲ."

ನಿಜಕ್ಕೂ ಅವನ ಸಂಕಟ ಅದೇ ಆಗಿತ್ತು. ತಮ್ಮನ ಮೇಲೆ ಹಗೆ ಸಾಧಿಸುವುದರಲ್ಲಿ ಅವನಿಗೆ ಯಾವ ಸುಖವೂ ಇರಲಿಲ್ಲ. ಕ್ಷಮಿಸಬೇಕೆಂಬ ಆಸೆ ಬೇಕಾದಷ್ಟಿತ್ತು. ಕ್ಷಮೆ ಮಾತ್ರ ಬರುತ್ತಿರಲಿಲ್ಲ. ಭಾನುವಾರ ಎಲ್ಲರ ಜತೆ ನಿಂತು ಕರ್ತನು ಕಲಿಸಿದ ಪ್ರಾರ್ಥನೆಯನ್ನು ಹೇಳುವಾಗ, ಬೇರೆಯವರ ತಪ್ಪನ್ನು ನಾವು ಮನ್ನಿಸಿದ್ದೇವೆ ಎನ್ನುವ ಸಾಲು ಬಂದರೆ ಅವನ ತುಟಿ ನಿಂತುಬಿಡುತ್ತಿತ್ತು. ಆ ಸಾಲು ದಾಟಿದ ಮೇಲೆ ಮತ್ತೆ ಸೇರಿಕೊಳ್ಳುತ್ತಿದ್ದ. ತಮ್ಮನನ್ನು ಮನ್ನಿಸದೆ ಕರ್ತನ ಮೇಜಿನ ಹತ್ತಿರ ಹೋಗಿ ಅವನ ನೆನಪಿಗೆಂದು ಹಂಚುವ ರೊಟ್ಟಿ ತೆಗೆದುಕೊಳ್ಳಬಾರದೆಂದು ತಾನೇ ತನಗೆ ವಿಧಿಸಿಕೊಂಡಿದ್ದ. ತಿಂಗಳ ಮೊದಲ ಭಾನುವಾರ ಸಾಲು ಸಾಲಾಗಿ ಜನ ಎದ್ದು ಹೋಗುವಾಗ ಅವನು ಕಾಲು ಮಡಚಿ ಅವರಿಗೆ ದಾರಿ ಬಿಡುತ್ತಿದ್ದ. ಚಿಕ್ಕಂದಿನಿಂದ ತಪ್ಪಿಸದೆ ತೆಗೆದುಕೊಂಡ ರೊಟ್ಟಿ ಅದು. ತಪ್ಪಿದ ಮೇಲೆ ಅದು ಎಷ್ಟು ಬೇಕಾಗಿತ್ತೆಂದು ಅವನಿಗೆ ತಿಳಿಯಿತು. ಇದರ ಮೇಲೆ ಇನ್ನೊಂದು ಕಾಟ. ಹಿಂದಿನ ಬೆಂಚಿನಲ್ಲಿ ಕೂರುವ ತಮ್ಮನೂ ಏಳುತ್ತಿರಲಿಲ್ಲ. "ಅಣ್ಣ ಎದ್ದ ದಿನ ನಾನೂ ಏಳ್ತೀನಿ" ಎಂದು ಮಗಳ ಹತ್ತಿರ ಹೇಳಿದ್ದನಂತೆ. ಅವನ ಹಸಿವಿಗೂ ಅಣ್ಣನೇ ಹೊಣೆಯಾದಂತಾಗಿತ್ತು.

ಒಂದು ದಿನ ಪಾದ್ರಿ ಕೆಳದವಡೆಯ ಸೆಟ್ಟಿಗೆ ಅಚ್ಚು ಕೊಡಲು ಬಂದ. ಸೆಟ್ಟೊಂದನ್ನು ಮುಟ್ಟಿಸಲು ತಮ್ಮ ಆಸ್ಪತ್ರೆಗೆ ಹೋಗಿದ್ದ. ಅಣ್ಣ ಅಚ್ಚು ತೆಗೆಯುವ ಗುಲಾಬಿ ಬಣ್ಣದ ಹಿಟ್ಟು ಕಲಸಿ, ದವಡೆಯಾಕಾರದ ತಟ್ಟೆಗೆ ತುಂಬಿ, ಪಾದ್ರಿಯ ಬಾಯಿಗಿಟ್ಟು ಒತ್ತಿ ಹಿಡಿದ. ಅದು ಗಟ್ಟಿಯಾಗುವ ತನಕ ಪಾದ್ರಿ ಮಾತಾಡುವಂತಿಲ್ಲ. ಅಣ್ಣ ಇದನ್ನೇ ಕಾಯುತ್ತಿದ್ದನೇನೋ.

"ಅಲುಗಾಡ್ಬೇಡಿ. ಒಂದು ಮಾತು ಕೇಳ್ತೀನಿ, ಉತ್ತರ ಬೇಡ," ಎಂದ. "ನಾನು ದೇವರ ಹತ್ರ ಕೇಳಿಲ್ಲ ಅನ್ಕೋಬೇಡಿ. ದಿನಾ ಕೇಳ್ತೀನಿ, ಅವನ ಮೇಲಿನ ಸಿಟ್ಟು ತೆಗೆದುಬಿಡು ಅಂತ. ಬೆಳಿಗ್ಗೆ ಎದ್ರೆ ಇದ್ದಲ್ಲೇ ಇರುತ್ತೆ. ಹಲ್ಲು ನೋವಾದ್ರೆ ಕಿತ್ತು ಬಿಸಾಕ್ಬಹುದು. ಇದನ್ನ ಎಲ್ಲಿಂದ ಕೀಳ್ಲಿ? ಕೃಪೆ ಕೇಳಿದೋರಿಗೆಲ್ಲ ಪುಕ್ಕಟೆ ಅಂತ ನೀವು ಅಲ್ಲಿ ನಿಂತು ಹೇಳ್ತೀರಿ. ನಾನೂ ನಂಬಿದ್ದೀನಿ. ಹಾಗಾದ್ರೆ ನಂಗ್ಯಾಕೆ ಸಿಗ್ತಿಲ್ಲ?"

ಪಾದ್ರಿಯ ಬಾಯಿಂದ ಜೊಲ್ಲು ಸುರಿದು ಎದೆಯ ಮೇಲಿನ ಟವೆಲಿಗೆ ಇಳಿಯಿತು. ಕಣ್ಣಲ್ಲೂ ನೀರು ಬಂತು. ಅದು ಹಿಟ್ಟು ಗಂಟಲಿಗೆ ತಾಗಿದ್ದಕ್ಕೋ ಬೇರೆಯದಕ್ಕೋ ಹೇಳುವುದು ಕಷ್ಟ. ಅಣ್ಣ ತಟ್ಟೆ ಎಳೆದು ತೆಗೆದ ಮೇಲೆ ಪಾದ್ರಿ ಬಾಯಿ ಮುಕ್ಕಳಿಸಿ, ಉಗುಳಿ, ಟವೆಲನ್ನು ಮಡಚಿಟ್ಟ.

"ಉತ್ತರ ಬೇಡ ಅಂದಿದ್ದು ಒಳ್ಳೇದಾಯ್ತು ಕಣಯ್ಯ. ನನ್ಹತ್ರ ಇಲ್ಲ. ಆದ್ರೆ ಮನಸ್ಸು ಬರ್ಲಿ, ಆಮೇಲೆ ಕೊಡೋಣ ಅಂತ ಕೂತ್ರೆ ನಿನ್ನ ಜನ್ಮ ಮುಗಿಯುತ್ತೆ. ಮೊದ್ಲು ಕೈಯಾದ್ರೂ ಕೊಡ್ಲಿ. ಈ ಶನಿವಾರ ಅವ್ನಿಗೊಂದು ಪಟ್ ಬಿಟ್ಕೊಡು."

"ಅಷ್ಟೇನಾ?"

"ಅಷ್ಟೇ. ಅಷ್ಟನ್ನೂ ನೀನು ಕೊಟ್ಟಿಲ್ವಲ್ಲ."

"ಕೊಟ್ಟಿದ್ದು ಸುಳ್ಳಾಗಿದ್ರೆ?"

"ಕೊಟ್ಟು ನೋಡು. ಮಿಕ್ಕಿದ್ದು ಬಂದೇ ಬರುತ್ತೆ," ಎಂದ ಪಾದ್ರಿ. ಅವನ ಗಲ್ಲಕ್ಕೆ ಗುಲಾಬಿ ಹಿಟ್ಟು ಅಂಟಿಕೊಂಡಿತ್ತು. ಹಾಗೆ ಕೂತವನ ಮಾತನ್ನು ನಂಬಬಾರದೆಂದು ಅಣ್ಣನಿಗೆ ತೋಚಲಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆಯಾಗಿ ಕಂಡಿರಬೇಕು. ವಾರವಿಡೀ ಆ ಮಾತನ್ನೇ ಅಗಿಯುತ್ತ ಕೆಲಸ ಮಾಡಿದ.

ಶನಿವಾರ ಅಣ್ಣ ತಮ್ಮಂದಿರ ಆಟ ಕೊನೆಯ ಗ್ರೀನಿನ ತನಕ ಸಮವಾಗಿಯೇ ಬಂತು. ಅದೇ ಗ್ರೀನು. ಅಣ್ಣನ ಚೆಂಡು ಆಗಲೇ ಗುಳಿಗೆ ಬಿದ್ದಿತ್ತು. ತಮ್ಮನದು ಒಂದು ಕೋಣೆಯುದ್ದ ದೂರದಲ್ಲಿತ್ತು. ಬಿದ್ದರೆ ಆಟ ಸಮ, ಬೀಳದಿದ್ದರೆ ಅಣ್ಣನದು. ಆ ದಿನದಿಂದೀಚೆಗೆ ಆ ಗ್ರೀನಿನಲ್ಲಿ ತಮ್ಮನ ಒಂದು ಪಟ್ಟೂ ಬಿದ್ದಿರಲಿಲ್ಲ. ಚೆಂಡು ಗುಳಿಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಅಣ್ಣ ಅದನ್ನು ಪ್ರತಿ ವಾರ ನೋಡುತ್ತಿದ್ದ, ನೋಡಿ ಒಳಗೊಳಗೇ ಸಮಾಧಾನಪಡುತ್ತಿದ್ದ, ಆಮೇಲೆ ಆ ಸಮಾಧಾನಕ್ಕಾಗಿ ದೇವರಲ್ಲಿ ಕ್ಷಮೆ ಕೇಳುತ್ತಿದ್ದ.

ತಮ್ಮ ಕುಕ್ಕರುಗಾಲಲ್ಲಿ ಕೂತು ದಾರಿ ನೋಡಿ, ಎದ್ದು ನಿಂತು, ಕೋಲನ್ನು ಚೆಂಡಿನ ಹಿಂದಿಟ್ಟ.

"ಎತ್ಕೋ," ಎಂದ ಅಣ್ಣ.

ತನಗಲ್ಲವೆಂದು ತಮ್ಮ ತಲೆ ಎತ್ತಲಿಲ್ಲ. ಪಾದ್ರಿ ಬೇಲಿಯ ಹತ್ತಿರ ಉಸಿರು ಬಿಗಿಹಿಡಿದು ನಿಂತಿದ್ದ.

"ನಿಂಗೇ ಹೇಳಿದ್ದು. ಎತ್ಕೋ."

"ಇಷ್ಟು ದೂರದ್ದಾ?"

"ಹೂಂ."

ತಮ್ಮ ಅಣ್ಣನ ಮುಖವನ್ನೇ ನೋಡಿದ. "ಬೇಡ ಅಣ್ಣಾ. ಹೊಡೀತೀನಿ. ಬೀಳ್ದೇ ಇದ್ರೆ ಬೀಳ್ದೇ ಇರ್ಲಿ."

"ಕೊಟ್ಟಾಯ್ತು. ಕೊಟ್ಟ ಮೇಲೆ ನಾನು ವಾಪಸ್ ತಗೊಳ್ಳೋ ಹಾಗಿಲ್ಲ, ನೀನು ಬೇಡ ಅನ್ನೋ ಹಾಗೂ ಇಲ್ಲ. ರೂಲು ಹಾಗಿದೆ."

ರೂಲು ನಿಜವಾಗಿಯೂ ಹಾಗೇ ಇದೆ. ತಮ್ಮನ ಕೈಯಿಂದ ಕೋಲು ಜಾರಿ ಬಿತ್ತು. ಅವನು ಚೆಂಡನ್ನು ಎತ್ತಿಕೊಳ್ಳಲೂ ಇಲ್ಲ, ನೆಟ್ಟಗೆ ಬಂದು ಅಣ್ಣನನ್ನು ತಬ್ಬಿಕೊಂಡ. ತಲೆ ನರೆತ ಗಂಡಸು, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

"ಹೊಟ್ಟೆಗೆ ಹಾಕ್ಕೊಂಡ್ಯಾ ಅಣ್ಣಾ? ನಾನು ಮಾಡಿದ್ದನ್ನ ಹೊಟ್ಟೆಗೆ ಹಾಕ್ಕೊಂಡ್ಯಾ?"

ಅಣ್ಣನ ಕೈ ಎದ್ದು ತಮ್ಮನ ಬೆನ್ನನ್ನು ತಟ್ಟಿತು. ಕೈ ತನ್ನ ಪಾಲಿನದನ್ನು ಮಾಡಿತು. ಕಲಸಿದ ಪ್ಲಾಸ್ಟರು ಗಟ್ಟಿಯಾಗುವಾಗ ಒಲೆಯ ಹಂಗಿಲ್ಲದೆ ತಾನೇ ಬೆಚ್ಚಗಾಗುತ್ತದೆ. ಅಂಥದ್ದೇನಾದರೂ ತನ್ನೊಳಗೂ ಆಗಬಹುದೆಂದು ಅಣ್ಣ ಬೆನ್ನು ತಟ್ಟುತ್ತ ಕಾದ. ಏನೂ ಆಗಲಿಲ್ಲ. ತಮ್ಮನ ಹೆಗಲಾಚೆ ಗುಳಿ ಕಾಣುತ್ತಿತ್ತು. ಅವತ್ತು ಚೆಂಡು ಅದರೊಳಗೆ ಬಿದ್ದ ಸದ್ದು ಹೇಗಿದ್ದಿರಬಹುದೆಂದು, ಹತ್ತಾರು ಸಲ ಯೋಚಿಸಿದಂತೆ, ಈಗಲೂ ಯೋಚಿಸಿದ. ಪಾದ್ರಿ ಬೇಲಿಯ ಹತ್ತಿರ ನಿಂತು ಬಹಿರಂಗವಾಗಿಯೇ ಕಣ್ಣೊರೆಸಿಕೊಂಡ. ಅವನ ಪಾಲಿಗೆ ಎಲ್ಲ ಸರಿಹೋಗಿತ್ತು.

ಅವತ್ತು ಸಂಜೆ ತಮ್ಮ ವರ್ಷದ ಮೇಲೆ ಮೊದಲ ಬಾರಿ ಅಣ್ಣನ ಮನೆಗೆ ಬಂದ. ಬರುವಾಗಲೇ ಸ್ಪ್ಯಾನರ್ ತಂದಿದ್ದ. ಅಡುಗೆಮನೆಯ ನಲ್ಲಿ ಸೋರುವ ವಿಷಯ ಮಗಳು ಹೇಳಿದ್ದಳು. ಸಿಂಕಿನ ಕೆಳಗೆ ತಲೆ ತೂರಿಸಿ ರಿಪೇರಿ ಮಾಡುತ್ತಲೇ ಬಾಯಿ ಬಿಟ್ಟ. ಪಾದ್ರಿಯ ಹೊಸ ಕೆಳಸೆಟ್ಟು ಪ್ರಸಂಗದ ಮಧ್ಯೆ ಹಾರಿ ಮುಂದಿನ ಬೆಂಚಿನವರ ಮಡಿಲಿಗೆ ಬಿದ್ದರೆ ಏನು ಗತಿ ಎಂದು ಪಾದ್ರಿಯ ದನಿಯಲ್ಲೇ ಆಡಿ ತೋರಿಸಿದ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಮನೆಯಲ್ಲಿ ಅಂಥ ನಗು ಕೇಳಿ ಬಹಳ ಕಾಲವಾಗಿತ್ತು. ಅಣ್ಣನೂ ಬಾಗಿಲಿಗೆ ಬಂದು ನಿಂತ. ತಮ್ಮ ಎದ್ದು ಕೈ ಒರೆಸಿಕೊಳ್ಳುತ್ತ ಎರಡು ಹೆಜ್ಜೆ ಹಿಂದೆ ಸರಿದ. ಒಲೆಯ ಪಕ್ಕ, ಅಣ್ಣನ ಹೆಂಡತಿ ಬಿದ್ದಿದ್ದ ಜಾಗದ ಮೇಲೆ ಕಾಲಿಟ್ಟು ನಿಂತು ನಗುತ್ತಿದ್ದ. ಅವನಿಗೆ ಅದು ಗೊತ್ತಾಗಲೂ ಇಲ್ಲ.

ಅಣ್ಣನ ಮೈಯೆಲ್ಲ ಉರಿಯಿತು. ತಿರುಗಿ ತನ್ನ ಕೋಣೆಗೆ ಹೋಗಿ ಮಂಚದ ಅಂಚಿನಲ್ಲಿ ಕೂತ. ಇಷ್ಟು ಸುಲಭವಾ ಇವನಿಗೆ? ಒಂದು ಪಟ್ ಸಾಕಾಯಿತಾ? ತಾನು ಕೊಟ್ಟದ್ದನ್ನು ಇವನು ಬಾಚಿಕೊಂಡು ಹೊಟ್ಟೆ ತುಂಬಿಸಿಕೊಂಡನಲ್ಲ, ತನಗೇನು ಉಳಿಯಿತು? ಮೊದಲಾದರೆ ಸಿಟ್ಟಾದರೂ ತನ್ನದಾಗಿತ್ತು. ಈಗ ಸಿಟ್ಟು ಮಾಡುವ ಹಕ್ಕನ್ನೂ ಬಿಟ್ಟುಕೊಟ್ಟು, ಸಿಟ್ಟನ್ನು ಮಾತ್ರ ಇಟ್ಟುಕೊಂಡು ಕೂತಂತಾಗಿತ್ತು. ಮಂಡಿಯೂರಿ ಪ್ರಾರ್ಥಿಸಲು ನೋಡಿದ. ದೇವರೇ, ಕೈ ತನ್ನ ಪಾಲಿನದನ್ನು ಕೊಟ್ಟಾಗಿದೆ, ಮಿಕ್ಕಿದ್ದನ್ನು ಕೊಡು ಎಂದ. ಅಡುಗೆಮನೆಯಿಂದ ನಗು ಕೇಳಿಸುತ್ತಲೇ ಇತ್ತು. ಮಗಳು ಬಂದು ಬಾಗಿಲಲ್ಲಿ ನಿಂತು, "ಥ್ಯಾಂಕ್ಸ್ ಅಪ್ಪಾ" ಎಂದು ಹೇಳಿಹೋದಳು. ಮಂಡಿಯೂರಿದ್ದ ಅಪ್ಪನನ್ನು ನೋಡಿ ಅವಳು ತಪ್ಪು ತಿಳಿದದ್ದರಲ್ಲಿ ಆಶ್ಚರ್ಯವೇನಿಲ್ಲ.

ಮಾರನೆಯ ದಿನ ತಿಂಗಳ ಮೊದಲ ಭಾನುವಾರ. ತಮ್ಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಿಂದಿನ ಬೆಂಚು ಬಿಟ್ಟು, ಅಣ್ಣನ ಪಕ್ಕದಲ್ಲಿ ತನ್ನ ಹಳೆಯ ಜಾಗದಲ್ಲಿ ಬಂದು ಕೂತ. ಪ್ರಾರ್ಥನೆಗೆ ಎಲ್ಲರೂ ನಿಂತರು. ಆ ಸಾಲು ಹತ್ತಿರ ಬಂದಂತೆ ಅಣ್ಣ ತುಟಿ ತೆರೆದು ಸಿದ್ಧನಾಗಿಯೇ ಇದ್ದ. ಸಾಲು ಬಂತು. ಪಕ್ಕದಲ್ಲಿ ತಮ್ಮ ಅದನ್ನು ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳಿದ. ಅಣ್ಣನ ಗಂಟಲಿಂದ ಉಸಿರು ಮಾತ್ರ ಬಂತು. ಸಾಲು ದಾಟಿಹೋಯಿತು.

ಪಾದ್ರಿ ರೊಟ್ಟಿ ಮುರಿದು ಮೇಜಿನ ಮುಂದೆ ನಿಂತ. ಒಂದೊಂದೇ ಬೆಂಚಿನವರು ಏಳತೊಡಗಿದರು. ಇವರ ಬೆಂಚಿನ ಸರದಿ ಬಂದಾಗ ತಮ್ಮನಿಗೆ ಎಷ್ಟು ಆತುರವಿತ್ತೆಂದರೆ ಅಣ್ಣ ಎದ್ದನೋ ಇಲ್ಲವೋ ಎಂದು ತಿರುಗಿ ನೋಡಲಿಲ್ಲ. ಹಿಂದೆಯೇ ಬರುತ್ತಾನೆಂಬ ಧೈರ್ಯದಲ್ಲಿ ನಡೆದುಬಿಟ್ಟ. ಕೈಯೊಡ್ಡಿದ. ಪಾದ್ರಿ ಅವನ ಅಂಗೈಯಲ್ಲಿ ರೊಟ್ಟಿಯ ತುಣುಕನ್ನಿಟ್ಟು, ಆ ಕೈಯನ್ನು ಒಂದು ಗಳಿಗೆ ಒತ್ತಿ ಹಿಡಿದುಕೊಂಡ. ತಮ್ಮ ಅದನ್ನು ಬಾಯಿಗಿಟ್ಟು, ದ್ರಾಕ್ಷಾರಸ ಕುಡಿದು, ಕಣ್ಣು ತುಂಬಿಕೊಂಡು ತಿರುಗಿದ.

ಅಣ್ಣ ಬೆಂಚಿನಲ್ಲೇ ಕೂತಿದ್ದ.

ತಮ್ಮ ಬಂದು ಪಕ್ಕದಲ್ಲಿ ಕೂತ. ಅವನ ಬಾಯಲ್ಲಿ ರೊಟ್ಟಿ ಇನ್ನೂ ಇತ್ತು. ಜನ್ಮವೆಲ್ಲ ದವಡೆಗಳನ್ನೇ ನೋಡಿದ ಅಣ್ಣನಿಗೆ ಅದು ಅಲುಗಾಡುವುದನ್ನು ನಿಲ್ಲಿಸಿದ್ದು ಕಾಣಿಸಿತು.

"ಅಣ್ಣಾ, ನೀನು ಬರ್ಲಿಲ್ವಾ?" ಎಂದು ತಮ್ಮ ಪಿಸುಗುಟ್ಟಿದ.

"ಇಲ್ಲ."

"ಯಾಕೆ? ನಿನ್ನೆ..."

"ನಿನ್ನೆ ನಿಂಗೆ ಕೊಟ್ಟಿದ್ದು ನಿಂದೇ," ಎಂದ ಅಣ್ಣ ನೆಲ ನೋಡುತ್ತ. "ನಾನು ವಾಪಸ್ ಕೇಳಲ್ಲ. ಆದ್ರೆ ನನ್ಹತ್ರ ಅದು ಇರ್ಲಿಲ್ಲ ಕಣೋ. ಇಲ್ದೇ ಇರೋದನ್ನೇ ಕೊಟ್ಟೆ. ಇವತ್ತೂ ಇಲ್ಲ."

"ಹಾಗಾದ್ರೆ ನಾನು ಈಗ ತಗೊಂಡಿದ್ದು?"

"ಅದೂ ನಿಂದೇ. ನುಂಗು."

ತಮ್ಮ ನುಂಗಿದ. ಕಷ್ಟಪಟ್ಟು, ಕಣ್ಣು ಮುಚ್ಚಿಕೊಂಡು ನುಂಗಿದ. ತಮ್ಮ ಎದ್ದು ಹಿಂದಿನ ಬೆಂಚಿಗೂ ಹೋಗಲಿಲ್ಲ, ಅಣ್ಣನ ಕಡೆಗೆ ತಿರುಗಲೂ ಇಲ್ಲ. ಅವರಿಬ್ಬರ ಮೊಣಕೈಗಳು ತಾಗಿಕೊಂಡಿದ್ದವು. ಬೆಂಚು ಕಿರಿದಾಗಿತ್ತು.

ಕೊನೆಯ ಬೆಂಚಿನವರೂ ಹೋಗಿ ಬಂದರು. ಪಾದ್ರಿಯ ತಟ್ಟೆಯಲ್ಲಿ ಇನ್ನೂ ತುಣುಕುಗಳಿದ್ದವು. ಅವನು ಬಟ್ಟೆ ಮುಚ್ಚದೆ ತಟ್ಟೆಯನ್ನು ಹಿಡಿದುಕೊಂಡೇ ನಿಂತು ಅಣ್ಣನ ಕಡೆ ನೋಡಿದ. ವಾಡಿಕೆಗಿಂತ ಹೆಚ್ಚು ಹೊತ್ತು ನಿಂತ. ಜನ ಕತ್ತು ತಿರುಗಿಸಿ ನೋಡತೊಡಗಿದರು. ಎದ್ದು ಹೋಗುವುದು ಸುಲಭವಿತ್ತು. ಹೋಗಿ ಕೈಯೊಡ್ಡಿದರೆ ಯಾರೂ ಒಳಗೆ ಇಣುಕಿ ನೋಡುತ್ತಿರಲಿಲ್ಲ. ನಿನ್ನೆ ಕೊಟ್ಟಿದ್ದು ಸುಳ್ಳು, ಇವತ್ತು ತೆಗೆದುಕೊಳ್ಳುವುದೂ ಸುಳ್ಳಾದರೆ ಆಕಾಶವೇನೂ ಕಳಚಿಬೀಳುತ್ತಿರಲಿಲ್ಲ. ಅಣ್ಣ ಮುಂದಿನ ಬೆಂಚಿನ ಬೆನ್ನನ್ನು ಎರಡೂ ಕೈಯಿಂದ ಹಿಡಿದುಕೊಂಡ. ಇನ್ನೇನು ಎದ್ದ ಎಂದೇ ಎಲ್ಲರೂ ಅಂದುಕೊಂಡರು. ಮಗಳಂತೂ ಆಚೆ ಬೆಂಚಿನಿಂದ ಅರ್ಧ ಎದ್ದೇ ನಿಂತಿದ್ದಳು.

ಅವನು ಏಳಲಿಲ್ಲ. ಪಾದ್ರಿ ತಟ್ಟೆಯನ್ನು ಮೇಜಿನ ಮೇಲಿಟ್ಟು ಬಿಳಿಯ ಬಟ್ಟೆ ಮುಚ್ಚಿದ. ಅಣ್ಣ ಆ ಬಟ್ಟೆಯನ್ನೇ ನೋಡುತ್ತ ಕೂತಿದ್ದ. ಅವನಿಗೆ ತುಂಬ ಹಸಿವಾಗಿತ್ತು.